ಇದು ಹೊಟ್ಟೆಯ ಹಸಿವೋ, ಮನಸ್ಸಿನ ಹಸಿವೋ?



ಸಂಘದ ಸಭೆಗಳಲ್ಲಿ ತೂಕ, ಬಿ.ಪಿ., ಸಕ್ಕರೆ ಕಾಯಿಲೆಯ ವಿಷಯ ಬಂದಾಗೆಲ್ಲ ನಮ್ಮ ಸದಸ್ಯೆಯರು ಹೇಳುವುದು ಒಂದೇ ಮಾತು: "ಏನ್ ಮಾಡೋದು ಸಿಸ್ಟರ್, ಬಾಯಿ ಕಟ್ಟೋಕೆ ಆಗಲ್ಲ." ತಪ್ಪೆಲ್ಲ ತಮ್ಮ ಬಾಯಿ ಚಪಲದ್ದು ಎಂದೇ ಅವರ ನಂಬಿಕೆ. ಆದರೆ ಬೆಳಿಗ್ಗೆಯಿಂದ ಏನೇನು ತಿಂದಿರಿ ಎಂದು ಕೂತು ಕೇಳಿದರೆ ಬೇರೆಯೇ ಲೆಕ್ಕ ಸಿಗುತ್ತದೆ. ಐದಕ್ಕೆ ಎದ್ದು ಒಂದು ಲೋಟ ಟೀ. ಮಕ್ಕಳ ಡಬ್ಬಿ ಕಟ್ಟಿ, ದನಕ್ಕೆ ಮೇವು ಹಾಕಿ, ಕೂಲಿಗೋ ಗಾರ್ಮೆಂಟ್ಸಿಗೋ ಹೊರಡುವಾಗ ಇನ್ನೊಂದು ಟೀ. ಮಧ್ಯಾಹ್ನ ಎರಡಕ್ಕೆ ನಾಲ್ಕು ತುತ್ತು. ಸಂಜೆ ಮನೆಗೆ ಬಂದು ಮಿಕ್ಸ್ಚರ್ ಡಬ್ಬಿ ತೆಗೆದರೆ ತಳ ಕಾಣುವ ತನಕ ಕೈ ನಿಲ್ಲುವುದಿಲ್ಲ. ಇದು ಚಪಲ ಅಲ್ಲ. ಬೆಳಿಗ್ಗೆ ಬಾಕಿ ಉಳಿಸಿಕೊಂಡ ಹಸಿವು ಸಂಜೆ ಬಡ್ಡಿ ಸಮೇತ ವಸೂಲಿಗೆ ಬಂದಿದೆ, ಅಷ್ಟೇ.

1995ರಲ್ಲಿ ಅಮೆರಿಕದ ಇಬ್ಬರು ಆಹಾರ ತಜ್ಞೆಯರು, ಎವೆಲಿನ್ ಟ್ರೈಬೋಲ್ ಮತ್ತು ಎಲೀಸ್ ರೆಶ್, 'ಇಂಟ್ಯೂಟಿವ್ ಈಟಿಂಗ್' ಎಂಬ ಪುಸ್ತಕ ಬರೆದರು. ಪಥ್ಯದ ಪಟ್ಟಿ ಹಿಡಿದು ತಿನ್ನುವ ಬದಲು ದೇಹ ಹೇಳುವುದನ್ನು ಕೇಳಿ ತಿನ್ನಿ ಎಂಬುದು ಅದರ ಸಾರ. ಹಸುಗೂಸು ಮಾಡುವುದೂ ಇದನ್ನೇ. ಹಸಿದರೆ ಅಳುತ್ತದೆ, ಸಾಕಾದರೆ ಮೊಲೆ ಬಿಟ್ಟು ಮುಖ ತಿರುಗಿಸುತ್ತದೆ. ಬೆಳೆಯುತ್ತಾ ನಮಗೆ ಇದು ಮರೆತುಹೋಗುತ್ತದೆ. ಎಲ್ಲರೂ ಉಂಡ ಮೇಲೆ ತಾನು ಎಂದು ಕಲಿತ ಹೆಣ್ಣಿಗೆ ಇನ್ನೂ ಬೇಗ ಮರೆಯುತ್ತದೆ.

ಹೊಟ್ಟೆಯ ಹಸಿವು ಮೆಲ್ಲಗೆ ಬರುತ್ತದೆ. ಹೊಟ್ಟೆ ಖಾಲಿಯಾದಾಗ ಅಲ್ಲಿಂದ 'ಗ್ರೆಲಿನ್' ಎಂಬ ಹಾರ್ಮೋನ್ ರಕ್ತದಲ್ಲಿ ಹರಿದು ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಇದನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಹೊಟ್ಟೆ ಚುರುಗುಟ್ಟುತ್ತದೆ, ಮೈ ಸೋತು ಬರುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಎಷ್ಟೋ ಜನ ಇದನ್ನೇ 'ಗ್ಯಾಸ್ಟ್ರಿಕ್' ಅಂದುಕೊಂಡು ಇನ್ನೊಂದು ಟೀ ಕುಡಿದು ಮಲಗಿಸಿಬಿಡುತ್ತಾರೆ.

ಮನಸ್ಸಿನ ಹಸಿವು ಹಾಗಲ್ಲ, ಒಮ್ಮೆಗೇ ಬರುತ್ತದೆ. ಅತ್ತೆಯ ಜೊತೆ ಮಾತಿಗೆ ಮಾತು ಬೆಳೆದಾಗ, ಫೈನಾನ್ಸಿನವರು ಕಂತಿಗಾಗಿ ಬಾಗಿಲಿಗೆ ಬಂದುಹೋದಾಗ, ಕುಡಿದು ಬರುವ ಗಂಡನಿಗಾಗಿ ರಾತ್ರಿ ಹನ್ನೊಂದರವರೆಗೆ ಕಾಯುವಾಗ. ಊಟ ಆಗಿ ಅರ್ಧ ಗಂಟೆಯೂ ಆಗಿರುವುದಿಲ್ಲ, ಆದರೂ ಸಿಹಿಯೋ ಖಾರವೋ ಬೇಕೇ ಬೇಕು. ಎಷ್ಟು ತಿಂದರೂ ಸಾಕು ಅನ್ನಿಸುವುದಿಲ್ಲ. ಆಮೇಲೆ ಬೇಜಾರು.

ಎರಡನ್ನೂ ಬೇರೆ ಮಾಡಿ ನೋಡಲು ನಮ್ಮ ಹಿರಿಯರ ಗಾದೆಯೇ ಸಾಕು: ಹಸಿವು ರುಚಿ ಅರಿಯದು. ಡಬ್ಬಿಗೆ ಕೈ ಹಾಕುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ: "ಈಗ ತಣ್ಣಗಿನ ಮುದ್ದೆ, ಉಪ್ಪಿನಕಾಯಿ ಕೊಟ್ರೆ ತಿಂತೀನಾ?" ತಿಂತೀನಿ ಅಂತ ಮನಸ್ಸು ಹೇಳಿದರೆ ಅದು ಹೊಟ್ಟೆಯದು. ಕೂತು, ತಟ್ಟೆಗೆ ಬಡಿಸಿಕೊಂಡು, ಊಟವನ್ನೇ ಮಾಡಿ. "ಬೇಡ, ಬಿಸ್ಕತ್ತೇ ಬೇಕು" ಅಂದರೆ ಹತ್ತು ನಿಮಿಷ ತಡೆಯಿರಿ. ಬೇಕಾಗಿರುವುದು ನಿದ್ದೆಯೋ, ಒಂದು ಅಳುವೋ, ಪಕ್ಕದ ಮನೆಯವಳ ಜೊತೆ ನಾಲ್ಕು ಮಾತೋ ಇರಬಹುದು. ಹಾಗಂತ ಹಬ್ಬದ ದಿನ ಹೊಟ್ಟೆ ತುಂಬಿದ್ದರೂ ಒಂದು ಹೋಳಿಗೆ ತಿಂದರೆ ಪಾಪವೇನಲ್ಲ. ಕಾನ್ವೆಂಟಿನಲ್ಲಿ ನಾವೂ ತಿನ್ನುತ್ತೇವೆ. ದಿನಾ ರಾತ್ರಿ ಭಯಕ್ಕೆ ತಿನ್ನುವುದಾದರೆ ಮಾತ್ರ ಆ ಭಯದ ಬಗ್ಗೆ ಯಾರಲ್ಲಾದರೂ ಹೇಳಿಕೊಳ್ಳಲೇಬೇಕು. ಸಂಘ ಇರುವುದು ಉಳಿತಾಯಕ್ಕೆ ಮಾತ್ರವಲ್ಲ.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಏನಾದರೂ ತಿನ್ನದೆ ಇದು ಯಾವುದೂ ನಡೆಯುವುದಿಲ್ಲ. ರಾತ್ರಿಯ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ತಿಂದರೂ ಆದೀತು.

ಎರಡು ವಿಷಯ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಬೆವರು, ಕೈನಡುಕ, ತಡೆಯಲಾರದ ಹಸಿವು ಬಂದರೆ ಹತ್ತು ನಿಮಿಷ ಕಾಯುವ ಮಾತೇ ಇಲ್ಲ. ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ, ಆಮೇಲೆ ಊಟ ಮಾಡಿ, ಡಾಕ್ಟರಿಗೆ ತಿಳಿಸಿ. ಇನ್ನೊಂದು, ಹಸಿ ಅಕ್ಕಿ, ಮಣ್ಣು, ಬಳಪ ತಿನ್ನಬೇಕೆಂಬ ಆಸೆ. ಹೆಂಗಸರು ಇದನ್ನು ಮುಚ್ಚಿಡುತ್ತಾರೆ. ಇದು ಕೆಟ್ಟ ಚಟವೆಂದು ಬೈಯಬೇಡಿ, ಹೆಚ್ಚಾಗಿ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದವರಲ್ಲಿ ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಇಂಥ ಆಸೆ ಇದ್ದವರು ನಾಚಿಕೆಪಡದೆ ಆಶಾ ಕಾರ್ಯಕರ್ತೆಗೆ ಹೇಳಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ.