ಕೋರ್ ಬದಲಿಸಿದರೆ ಸಾಲದು

ಹಿಂದೂಪುರದಿಂದ ಮಡಕಶಿರ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೊರಟವರು ಆಂಧ್ರದಿಂದ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೆ ಸೇರುತ್ತಾರೆ. ಈ ದಾರಿಯಲ್ಲಿ ಅಂಗಡಿ ಬೋರ್ಡುಗಳ ಲಿಪಿ ಬದಲಾಗುತ್ತದೆ, ಧೂಳು ಬದಲಾಗುವುದಿಲ್ಲ. ಮದುವೆಗೆ, ಮಾರುಕಟ್ಟೆಗೆ, ರಾತ್ರೋರಾತ್ರಿ ಬೆಂಗಳೂರಿನ ಆಸ್ಪತ್ರೆಗೆ ಜನರನ್ನು ಹೊತ್ತೊಯ್ಯುವ ಬೊಲೆರೊ, ಇನ್ನೋವಾ, ಟವೆರಾ, ಸ್ವಿಫ್ಟ್ ಡೀಸೆಲ್‌ಗಳಿಗೆ ವಯಸ್ಸಾಗಿದೆ. ಪಿಕಪ್ ಇಲ್ಲ, ಹೊಗೆ ಜಾಸ್ತಿ, ಆಯಿಲ್ ಕುಡಿಯುತ್ತಿದೆ ಎಂದು ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ತೆಲುಗಿನಲ್ಲಿರಲಿ ಕನ್ನಡದಲ್ಲಿರಲಿ ಒಂದೇ: ‘ಟರ್ಬೊ ಹೋಗಿದೆ ಅಣ್ಣಾ, ಕೋರ್ ಹಾಕಿದ್ರೆ ಸರಿಹೋಗುತ್ತೆ.’

ಕೋರ್ ಎಂದರೆ ಟರ್ಬೊದ ಒಳಗಿನ ಶಾಫ್ಟ್, ಚಕ್ರ, ಬೇರಿಂಗ್‌ಗಳ ಜೋಡಣೆ. ಗ್ಯಾರೇಜಿನ ಮಾತಿನ ಮೊದಲರ್ಧ ಬಹುತೇಕ ನಿಜ. ಎರಡನೆಯ ಅರ್ಧವನ್ನು ನಂಬಿದವರು ಮುಂದಿನ ನಾಲ್ಕೈದು ವರ್ಷಗಳಲ್ಲಿ ಎಂಜಿನ್ನನ್ನೇ ಕಳೆದುಕೊಳ್ಳುವ ಸಾಧ್ಯತೆ ದೊಡ್ಡದು. ಕೆಲವು ಸಲ ಪ್ರಾಣಕ್ಕೂ ಅಪಾಯವಿದೆ. ಕಾರಣಗಳು ಗುಟ್ಟಿನವಲ್ಲ, ಲೆಕ್ಕ ಹಾಕಿ ನೋಡಬಹುದಾದಂಥವು.

ಮೊದಲು ವಯಸ್ಸಿನ ಲೆಕ್ಕ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಡೀಸೆಲ್ ಮೇಲಿನ ಹಿಡಿತ ಪೂರ್ತಿ ಹೋದದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ವರ್ಷಗಳಲ್ಲಿ ಡೀಸೆಲ್ ಅಗ್ಗ, ಪೆಟ್ರೋಲ್ ದುಬಾರಿ. ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಒಂದು ಹಂತದಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಆಗಿದ್ದವು, ಹೆಚ್ಚುಕಡಿಮೆ ಎಲ್ಲಕ್ಕೂ ಟರ್ಬೊ ಇತ್ತು. ಆ ಕಾರುಗಳಿಗೆ ಈಗ ಹದಿನೈದು ತುಂಬುತ್ತಿದೆ, ಇಲ್ಲವೇ ತುಂಬಲಿದೆ. ಎರಡು ಮೂರು ಕೈ ದಾಟಿ, ಸರ್ವಿಸ್ ದಾಖಲೆ ಕಳೆದುಕೊಂಡು, ಮೀಟರ್ ಎಷ್ಟು ನಿಜ ಎಂಬುದು ದೇವರಿಗೇ ಗೊತ್ತಿರುವ ಸ್ಥಿತಿಯಲ್ಲಿ ಅವು ಸಣ್ಣ ಊರುಗಳಲ್ಲಿ ಓಡುತ್ತಿವೆ. ಮಾರುತಿ ಕಂಪನಿ 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಹೊಸ ಸಣ್ಣ ಡೀಸೆಲ್ ಬೇಕೆಂದರೂ ಸಿಗುವುದು ಅಪರೂಪವಾಗಿರುವುದರಿಂದ ಹಳೆಯದಕ್ಕೇ ಕೋರ್ ಹಾಕಿಸಿ ಓಡಿಸುವುದು ಮುಂದುವರಿಯುತ್ತದೆ.

ಟರ್ಬೊದ ಕೆಲಸ ಸರಳ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ಒತ್ತುತ್ತದೆ. ಸರಳವಲ್ಲದ್ದು ಅದರ ವೇಗ. ಕಾರಿನ ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದರಿಂದ ಎರಡು ಲಕ್ಷ ಸುತ್ತು ತಿರುಗುತ್ತದೆ. 50 ಮಿಲಿಮೀಟರ್ ಅಗಲದ ಚಕ್ರ ಒಂದೂವರೆ ಲಕ್ಷ ಸುತ್ತಿನಲ್ಲಿದ್ದರೆ ಅದರ ಅಂಚು ಸೆಕೆಂಡಿಗೆ ಸುಮಾರು 390 ಮೀಟರ್ ಚಲಿಸುತ್ತದೆ. ಶಬ್ದದ ವೇಗ 340ರ ಆಸುಪಾಸು. ಈ ವೇಗದ ಶಾಫ್ಟನ್ನು ಸಾಮಾನ್ಯ ಟರ್ಬೊಗಳಲ್ಲಿ ಗುಂಡಿನ ಬೇರಿಂಗ್ ಹಿಡಿದಿರುವುದಿಲ್ಲ. ಎಂಜಿನ್ನಿನಿಂದ ಒತ್ತಡದಲ್ಲಿ ಬರುವ ಎಣ್ಣೆಯ ತೆಳು ಪದರದ ಮೇಲೆ ಅದು ತೇಲುತ್ತಿರುತ್ತದೆ. ಎಣ್ಣೆ ಕೆಲವೇ ಸೆಕೆಂಡು ಬಾರದಿದ್ದರೂ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಟರ್ಬೊ ತಾನಾಗಿ ಸಾಯುವುದು ಅಪರೂಪ. ವಾರಂಟಿಗೆ ವಾಪಸ್ ಬಂದ ಟರ್ಬೊಗಳನ್ನು ಬಿಚ್ಚಿ ನೋಡಿದ ದೊಡ್ಡ ತಯಾರಕರು, ತಯಾರಿಕೆಯ ದೋಷದಿಂದ ಕೆಟ್ಟವು ಶೇಕಡಾ 1ಕ್ಕಿಂತ ಕಡಿಮೆ ಎಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಮಾರುವವರ ಮಾತು ಎಂದು ಸ್ವಲ್ಪ ಕಡಿತ ಮಾಡಿಕೊಂಡರೂ ಬಿಚ್ಚಿದ ಟರ್ಬೊದ ಗಾಯಗಳು ಅದನ್ನೇ ಹೇಳುತ್ತವೆ. ಶಾಫ್ಟ್ ನೀಲಿಗಟ್ಟಿದ್ದರೆ ಎಣ್ಣೆ ಸಿಕ್ಕಿಲ್ಲ. ಬೇರಿಂಗಿನ ಮೇಲೆ ಸುತ್ತಲೂ ಗೀರುಗಳಿದ್ದರೆ ಎಣ್ಣೆ ಕೊಳಕಾಗಿತ್ತು. ಗಾಳಿ ಎಳೆಯುವ ಚಕ್ರದ ರೆಕ್ಕೆಗಳ ಅಂಚು ಸವೆದಿದ್ದರೆ ಫಿಲ್ಟರ್ ದಾಟಿ ಧೂಳು ಬಂದಿದೆ. ಗಾಯದ ಕಾರಣ ಟರ್ಬೊದ ಹೊರಗಿದೆ. ಕೋರ್ ಬದಲಿಸಿದಾಗ ಆ ಕಾರಣ ಅಲ್ಲೇ ಉಳಿಯುತ್ತದೆ.

ನಮ್ಮ ಈ ಸೀಮೆಯಲ್ಲಿ ಮೊದಲ ಕಾರಣ ಧೂಳು. ಹಳೆಯ ಅನಂತಪುರ ಜಿಲ್ಲೆ (2022ರ ಏಪ್ರಿಲ್‌ನಲ್ಲಿ ಹಿಂದೂಪುರದ ಭಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು) ದೇಶದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು, ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಆಷಾಢದ ಗಾಳಿ ಎಷ್ಟು ಬಲವಾದದ್ದೆಂದರೆ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು ನಿಂತಿವೆ. ಕಲ್ಯಾಣದುರ್ಗದಿಂದ ಉತ್ತರಕ್ಕೆ ಕಣೇಕಲ್, ಬೊಮ್ಮನಹಾಳ್ ಕಡೆ ಹಗರಿ ನದಿಯ ಮರಳು ಇದೇ ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬಗಳಾಗಿ ಕೂತಿದೆ. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಅಲ್ಲಿ ಫಲಕಗಳ ಮೇಲಿನ ಧೂಳು ಒರೆಸುವುದು ಸಂಬಳದ ಕೆಲಸ. ನಮ್ಮ ಕಾರಿನ ಫಿಲ್ಟರಿಗೆ ಅಂಥ ಆರೈಕೆ ಇಲ್ಲ.

ಧೂಳಿನ ಲೆಕ್ಕವೂ ಕಷ್ಟದ್ದಲ್ಲ. ಎರಡೂವರೆ ಲೀಟರಿನ ಎಂಜಿನ್ ನಿಮಿಷಕ್ಕೆ 2,500 ಸುತ್ತಿನಲ್ಲಿ, ಟರ್ಬೊ ಇಲ್ಲದಿದ್ದರೂ, ಗಂಟೆಗೆ 187 ಘನ ಮೀಟರ್ ಗಾಳಿ ಸೇದಬೇಕು. ಟರ್ಬೊ ಒತ್ತುತ್ತಿದ್ದರೆ ಅದರ ಒಂದೂವರೆ ಪಟ್ಟು, ಸುಮಾರು 280. ಒಬ್ಬ ಮನುಷ್ಯ ದಿನಕ್ಕೆ ಉಸಿರಾಡುವುದು 11 ಘನ ಮೀಟರಿನಷ್ಟು. ಅಂದರೆ ಇಪ್ಪತ್ತೈದು ದಿನ ನಾವು ಸೇದುವ ಗಾಳಿಯನ್ನು ಕಾರು ಒಂದು ಗಂಟೆಯಲ್ಲಿ ಸೇದುತ್ತದೆ. ಮಣ್ಣು ರಸ್ತೆಯಲ್ಲಿ ಬಸ್ಸಿನ ಹಿಂದೆ ಹೋಗುವಾಗ ಪ್ರತಿ ಘನ ಮೀಟರಿಗೆ 10 ಮಿಲಿಗ್ರಾಂ ಧೂಳು ಇದೆ ಎಂದುಕೊಳ್ಳಿ. ಫಿಲ್ಟರ್ ಇಲ್ಲದಿದ್ದರೆ ಗಂಟೆಗೆ ಸುಮಾರು 3 ಗ್ರಾಂ ಒಳಗೆ. ಇಲ್ಲಿನ ಕೆಂಪು ಮಣ್ಣು ಕಣಶಿಲೆ ಸವೆದು ಆದದ್ದು. ಅದರಲ್ಲಿರುವ ಬೆಣಚುಕಲ್ಲಿನ ಪುಡಿ ಗಡಸುತನದ ಮೋಸ್ ಅಳತೆಯಲ್ಲಿ 7, ಟರ್ಬೊದ ಅಲ್ಯೂಮಿನಿಯಂ ಚಕ್ರಕ್ಕಿಂತ ಬಹಳ ಗಟ್ಟಿ. ಕಣ್ಣಿಗೆ ಕಾಣುವ ಮರಳಿಗಿಂತ ಕೆಟ್ಟದ್ದು ಕಾಣದ ಪುಡಿ. 5ರಿಂದ 20 ಮೈಕ್ರಾನ್ ಗಾತ್ರದ ಕಣ ಎಂಜಿನ್ನಿನ ಎಣ್ಣೆ ಪದರದ ದಪ್ಪಕ್ಕೆ ಹತ್ತಿರವಿರುವುದರಿಂದ ಸರಿಯಾಗಿ ಅದರೊಳಗೆ ಸಿಕ್ಕಿ ಅರೆಯುತ್ತದೆ.

ಫಿಲ್ಟರ್ ಇದೆಯಲ್ಲ ಎನ್ನಬಹುದು. ಇದೆ. ಪಂಕ್ಚರ್ ಅಂಗಡಿಯ ಗಾಳಿ ಪೈಪಿನಿಂದ ಅದಕ್ಕೆ ಜೋರಾಗಿ ಊದಿಸುವ ಅಭ್ಯಾಸವೂ ಇದೆ. ಕಾಗದದ ಫಿಲ್ಟರಿಗೆ ಅಷ್ಟು ಒತ್ತಡದ ಗಾಳಿ ಬಿಟ್ಟರೆ ಸೂಕ್ಷ್ಮ ರಂಧ್ರಗಳು ಹರಿಯುತ್ತವೆ. ನೋಡಲು ಬೆಳ್ಳಗೆ, ಕೆಲಸಕ್ಕೆ ಬಾರದ್ದು. ಅದಕ್ಕಿಂತ ಹೆಚ್ಚಾಗಿ ಫಿಲ್ಟರ್ ಡಬ್ಬಿಯಿಂದ ಟರ್ಬೊವರೆಗಿನ ರಬ್ಬರ್ ಹೋಸ್ ಹದಿನೈದು ಬೇಸಿಗೆ ಕಂಡು ಸೀಳಿರುತ್ತದೆ. ಸೀಳಿನ ಒಳಗೆ ಬೆರಳಾಡಿಸಿದಾಗ ಸಣ್ಣ ಪುಡಿ ಅಂಟಿದರೆ, ಹೊಸ ಕೋರ್ ಹಾಕಿದ ದಿನದಿಂದಲೇ ಸವೆಯತೊಡಗುತ್ತದೆ.

ಎರಡನೆಯ ಕಾರಣ ಎಣ್ಣೆ. ಇದರಲ್ಲಿ ಟೊಯೊಟಾದ ಕೆಡಿ ಸರಣಿಯ ಡೀಸೆಲ್ ಎಂಜಿನ್‌ಗಳ ಕಥೆ ಎಲ್ಲರೂ ತಿಳಿಯಬೇಕಾದದ್ದು. 2005ರಲ್ಲಿ ಇಲ್ಲಿ ಬಂದ ಇನ್ನೋವಾದ 2.5 ಲೀಟರ್ ಎಂಜಿನ್ ಈ ಮನೆತನದ್ದು. ಇದರ ಅಣ್ಣ, ಮೂರು ಲೀಟರಿನದು, ಆಸ್ಟ್ರೇಲಿಯಾದಲ್ಲಿ ಹೈಲಕ್ಸ್ ಮತ್ತು ಪ್ರಾಡೊಗಳಲ್ಲಿ ಓಡಿತು. ಅಲ್ಲಿನ ಮೆಕ್ಯಾನಿಕ್‌ಗಳು ಕಂಡದ್ದು ಇಷ್ಟು: ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಹಿಡಿತ ತಪ್ಪುತ್ತದೆ, ಉರಿದ ಅನಿಲ ಮೇಲಕ್ಕೆ ನುಗ್ಗಿ ಎಣ್ಣೆಯಲ್ಲಿ ಬೆರೆಯುತ್ತದೆ, ಎಣ್ಣೆ ಟಾರಿನಂತಾಗಿ ಚೂರುಗಳು ಕೆಳಗಿಳಿದು ಎಂಜಿನ್ನಿನ ತಳದ ಆಯಿಲ್ ಸಂಪಿನೊಳಗಿನ ಜಾಲರಿಯನ್ನು ಮುಚ್ಚುತ್ತವೆ. ಎಣ್ಣೆಯ ಹರಿವು ಬಡವಾದಾಗ ಎಲ್ಲಕ್ಕಿಂತ ವೇಗವಾಗಿ ತಿರುಗುವ ಭಾಗಕ್ಕೆ ಮೊದಲು ಪೆಟ್ಟು ಬೀಳುತ್ತದೆ. ಮಾಲೀಕ ಟರ್ಬೊ ಹಾಕಿಸುತ್ತಾನೆ, ಜಾಲರಿ ಹಾಗೇ ಇರುತ್ತದೆ. ಮುಂದಿನ ಪೆಟ್ಟು ಕ್ರ್ಯಾಂಕಿನ ಬೇರಿಂಗಿಗೆ. ಅಲ್ಲಿಗೆ ಎಂಜಿನ್ ಇಳಿಸುವುದೇ ಗತಿ. ಡ್ಯಾಶ್‌ಬೋರ್ಡಿನ ಎಣ್ಣೆ ದೀಪ ಹೊತ್ತಿಕೊಳ್ಳುವಷ್ಟರಲ್ಲಿ ಬಹಳ ತಡವಾಗಿರುತ್ತದೆ, ಅದನ್ನು ನಂಬಬೇಡಿ. ಸಂಪ್ ಬಿಚ್ಚಿ ಜಾಲರಿ ನೋಡುವ ಕೂಲಿ ಹೊಸ ಕೋರಿನ ಬೆಲೆಯ ಮುಂದೆ ಏನೂ ಅಲ್ಲ.

ಮೂರನೆಯದು ಹಣದ ಮಾತಲ್ಲ, ಜೀವದ್ದು. ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನಂತೆ ಕಿಡಿ ಬೇಡ. ಒತ್ತಿದ ಬಿಸಿ ಗಾಳಿಗೆ ಉರಿಯುವ ಏನಾದರೂ ಬಂದರೆ ಸಾಕು, ಓಡುತ್ತದೆ. ಎಂಜಿನ್ ಆಯಿಲ್ ಕೂಡ ಉರಿಯುತ್ತದೆ. ಟರ್ಬೊದ ಸೀಲ್ ಹೋಗಿ ಎಣ್ಣೆ ಗಾಳಿಯ ದಾರಿಗೆ ಸೋರಿದರೆ ಎಂಜಿನ್ ತನ್ನದೇ ಎಣ್ಣೆಯನ್ನು ಕುಡಿದು ಓಡತೊಡಗುತ್ತದೆ. ವೇಗ ಏರಿದಷ್ಟೂ ಎಣ್ಣೆಯ ಒತ್ತಡ ಏರುತ್ತದೆ, ಸೋರುವಿಕೆ ಹೆಚ್ಚುತ್ತದೆ, ವೇಗ ಇನ್ನೂ ಏರುತ್ತದೆ. ಕೀ ತಿರುಗಿಸಿದರೆ ನಿಲ್ಲುವುದು ಡೀಸೆಲ್ ಮಾತ್ರ. ಕೆಲವು ಎಂಜಿನ್‌ಗಳಲ್ಲಿ ಕೀ ತಿರುಗಿಸಿದಾಗ ಗಾಳಿಯ ದಾರಿ ಮುಚ್ಚುವ ಫ್ಲಾಪ್ ಇರುತ್ತದೆ, ಆದರೆ ಹಳೆಯದರಲ್ಲಿ ಅದು ಮಸಿ ಹಿಡಿದು ಅಂಟಿಕೊಂಡಿರಬಹುದು. ಬಿಳಿ ನೀಲಿ ಹೊಗೆ ರಸ್ತೆ ತುಂಬುತ್ತದೆ, ಎಂಜಿನ್ ಕಿರುಚುತ್ತದೆ, ಕೊನೆಗೆ ಎಣ್ಣೆ ಮುಗಿದು ಬಿಗಿದುಕೊಂಡು ನಿಲ್ಲುತ್ತದೆ ಅಥವಾ ಕನೆಕ್ಟಿಂಗ್ ರಾಡ್ ಬ್ಲಾಕನ್ನು ಒಡೆದು ಹೊರಗೆ ಬರುತ್ತದೆ. ಎಣ್ಣೆ ಪೈಪ್ ಒಡೆದು ಟರ್ಬೊದ ಕಾದ ಕವಚದ ಮೇಲೆ ಚಿಮ್ಮಿದರೆ ಬೆಂಕಿ.

ಇಂಥ ಹೊತ್ತಿನಲ್ಲಿ ಬೋನೆಟ್ ತೆಗೆದು ಬಗ್ಗಿ ನೋಡುವುದು ನಮ್ಮವರ ಮೊದಲ ಕೆಲಸ, ಅತಿ ಕೆಟ್ಟ ಕೆಲಸವೂ ಹೌದು. ಕೈಗೇರಿನ ಗಾಡಿ ಓಡುತ್ತಿದ್ದರೆ ಕ್ಲಚ್ ತುಳಿಯಬೇಡಿ, ತುಳಿದರೆ ಎಂಜಿನ್ ಇನ್ನೂ ಬಿಡುಗಡೆಯಾಗುತ್ತದೆ. ಗೇರಿನಲ್ಲಿಟ್ಟೇ ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ನಿಲ್ಲಿಸಿ. ನಿಂತ ಗಾಡಿಯಾದರೆ ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ಒಮ್ಮೆಲೇ ಬಿಡಿ, ಉಸಿರುಗಟ್ಟಿ ನಿಲ್ಲುತ್ತದೆ. ಮುಂದೆ ಯಾರೂ ನಿಂತಿರಬಾರದು. ನಿಲ್ಲದಿದ್ದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ. ಗಾಳಿಯ ಬಾಯಿಗೆ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಬೇಡಿ.

ಈ ಅಪಾಯ ಟರ್ಬೊ ಕೆಟ್ಟ ದಿನ ಮಾತ್ರ ಇರುವುದಲ್ಲ, ರಿಪೇರಿಯಾದ ಮರುದಿನವೂ ಇರುತ್ತದೆ. ಹಳೆ ಟರ್ಬೊ ಸೋರಿದ ಎಣ್ಣೆ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ತಳದಲ್ಲಿ ನಿಂತಿರುತ್ತದೆ, ಕೆಲವೊಮ್ಮೆ ಅರ್ಧ ಲೀಟರ್. ಅದನ್ನು ತೊಳೆಯದೆ ಹೊಸ ಕೋರ್ ಹಾಕಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಆ ಎಣ್ಣೆ ಒಂದೇ ಗುಟುಕಿಗೆ ಎಂಜಿನ್ ಸೇರುತ್ತದೆ. ಆ ಪೂರ್ತಿ ಆಕ್ಸಿಲರೇಟರ್ ಕೊಡುವ ಸಂದರ್ಭ ಯಾವುದು? ಹೊಗೆ ಪರೀಕ್ಷೆ. ಡೀಸೆಲ್ ಗಾಡಿಯ ಹೊಗೆ ಅಳೆಯಲು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಿಲರೇಟರನ್ನು ಒಮ್ಮೆಲೇ ತಳಮುಟ್ಟ ತುಳಿದು, ಮತ್ತೆ ಮತ್ತೆ ಗರಿಷ್ಠ ವೇಗಕ್ಕೆ ಒಯ್ಯುತ್ತಾರೆ. ಹದಿನೈದು ವರ್ಷ ತುಂಬಿದ ಗಾಡಿಯ ಆರ್‌ಸಿ ನವೀಕರಿಸಲು ಈ ಪರೀಕ್ಷೆಯೂ ಸೇರಿದ ತಪಾಸಣೆ ಬೇಕೇ ಬೇಕು. 2010ರ ದಶಕದ ಡೀಸೆಲ್‌ಗಳು ಈಗ ಸಾಲಾಗಿ ನಿಲ್ಲಲಿರುವುದು ಅಲ್ಲೇ. ಪರೀಕ್ಷೆಯಲ್ಲಿ ಪಾಸಾಗಲೆಂದು ಹಿಂದಿನ ದಿನ ತರಾತುರಿಯಲ್ಲಿ ಅಗ್ಗದ ಕೋರ್ ಹಾಕಿಸಿ ಬಂದ ಗಾಡಿಯ ಪಕ್ಕ ಬಗ್ಗಿ ಮೀಟರ್ ಹಿಡಿದ ಹುಡುಗನ ಬಗ್ಗೆ ನನಗೆ ನಿಜವಾಗಿ ಚಿಂತೆ.

ಹಾಗಾದರೆ ರಿಪೇರಿ ಬೇಡವೇ? ಬೇಕು. ಹೊಸ ಟರ್ಬೊ ಕೊಳ್ಳಲಾಗದವರಿಗೆ ಕೋರ್ ಒಳ್ಳೆಯ ದಾರಿಯೇ, ಆದರೆ ಬ್ಯಾಲೆನ್ಸ್ ಆದದ್ದಾಗಿರಬೇಕು. ಲಕ್ಷ ಸುತ್ತು ತಿರುಗುವ ಶಾಫ್ಟನ್ನು ಸ್ಥಳೀಯ ಲೇತಿನಲ್ಲಿ ಉಜ್ಜಿ, ಕಿಟ್ ಹಾಕಿ, ಕೈಯಲ್ಲಿ ತಿರುಗಿಸಿ ನೋಡಿ ‘ಸ್ಮೂತ್ ಆಗಿದೆ’ ಎನ್ನುವುದು ಪರೀಕ್ಷೆಯಲ್ಲ. ಅದನ್ನು ಅಷ್ಟೇ ವೇಗದಲ್ಲಿ ಕಂಪನ ಅಳೆಯುವ ಯಂತ್ರದ ಮೇಲೆ ಓಡಿಸಿ ಕೊಟ್ಟ ಚೀಟಿ ಕೇಳಿ. ಗಾಯ ನೋಡಿ ಕಾರಣ ಹಿಡಿಯಲು ಬಿಚ್ಚಿದ ಹಳೆ ಕೋರನ್ನೂ ಕೇಳಿ ಪಡೆಯಿರಿ. ಎಣ್ಣೆ ಬರುವ ಪೈಪನ್ನು ತೊಳೆಯುವುದಕ್ಕಿಂತ ಹೊಸದು ಹಾಕುವುದು ಮೇಲು, ಏಕೆಂದರೆ ಒಳಗೆ ಸುಟ್ಟು ಕೂತ ಕರಿ ತೊಳೆದರೂ ಪೂರ್ತಿ ಬಿಡದು. ಅದರ ಜೋಡಣೆಗೆ ಗ್ಯಾಸ್ಕೆಟ್ ಪೇಸ್ಟ್ ಮೆತ್ತಲು ಬಿಡಬೇಡಿ, ಹೆಚ್ಚಾದದ್ದು ಒಳಗೆ ಸರಿದು ದಾರಿ ಮುಚ್ಚುತ್ತದೆ. ಎಣ್ಣೆ ವಾಪಸ್ ಹೋಗುವ ಪೈಪಿನಲ್ಲಿ ಒತ್ತಡವಿಲ್ಲ, ಅದು ಕೇವಲ ಇಳಿಜಾರಿಗೆ ಹರಿಯುತ್ತದೆ. ಒಳಗಿನ ಅನಿಲವನ್ನು ಹೊರಬಿಡುವ ಬ್ರೀದರ್ ಕಟ್ಟಿಕೊಂಡು ಎಂಜಿನ್ನಿನೊಳಗೆ ಒತ್ತಡ ಕೂತಿದ್ದರೆ ಎಣ್ಣೆ ಕೆಳಗಿಳಿಯದೆ ಸೀಲ್ ದಾಟುತ್ತದೆ. ‘ಹೊಸ ಕೋರ್ ಹಾಕಿದರೂ ಸೋರುತ್ತಿದೆ, ಮಾಲು ಸರಿ ಇಲ್ಲ’ ಎಂಬ ಜಗಳಗಳಲ್ಲಿ ಅನೇಕ ಹುಟ್ಟುವುದು ಇಲ್ಲಿ. ಕೊನೆಯಲ್ಲಿ ಟರ್ಬೊಗೆ ಎಣ್ಣೆ ತುಂಬಿ, ಡೀಸೆಲ್ ಬಂದ್ ಮಾಡಿ ಸ್ವಲ್ಪ ಸೆಲ್ಫ್ ಹೊಡೆದು ಎಣ್ಣೆ ಮುಟ್ಟಿದ ಮೇಲಷ್ಟೇ ಸ್ಟಾರ್ಟ್ ಮಾಡಬೇಕು.

ಡೀಸೆಲ್ ಯುಗ ಮುಗಿಯಿತಲ್ಲ, ಇದೂ ಮುಗಿಯುತ್ತದೆ ಎಂದುಕೊಂಡರೆ ಹಿಂದೂಪುರದ ಪಕ್ಕದ ಪೆನುಕೊಂಡದ ಕಡೆ ನೋಡಬೇಕು. ಅಲ್ಲಿನ ಎರ್ರಮಂಚಿಯ ಕಿಯಾ ಕಾರ್ಖಾನೆ 2019ರಿಂದ ಕಾರು ತಯಾರಿಸುತ್ತಿದೆ, ಅವುಗಳಲ್ಲಿ ಟರ್ಬೊ ಪೆಟ್ರೋಲ್ ಕೂಡ ಇವೆ. ಬೇರೆ ಕಂಪನಿಗಳದೂ ಅದೇ ದಾರಿ. ಪೆಟ್ರೋಲ್ ಟರ್ಬೊಗೆ ಎಣ್ಣೆ ಕುಡಿದು ಓಡಿಹೋಗುವ ರೋಗವಿಲ್ಲ. ಆದರೆ ಡೀಸೆಲ್ಲಿನಲ್ಲಿ 700-800 ಡಿಗ್ರಿ ಇರುವ ಹೊಗೆ ಪೆಟ್ರೋಲಿನಲ್ಲಿ 950 ಡಿಗ್ರಿ ಮುಟ್ಟುತ್ತದೆ. ಹೆದ್ದಾರಿಯಲ್ಲಿ ದೌಡಾಯಿಸಿ ಬಂದು ತಟ್ಟನೆ ಆಫ್ ಮಾಡಿದರೆ ಬೇರಿಂಗಿನಲ್ಲಿ ನಿಂತ ಎಣ್ಣೆ ಸುಟ್ಟು ಕರಿಯಾಗುತ್ತದೆ. ಅದಕ್ಕೆ ಹೇಳಿದ ದರ್ಜೆಯ ಎಣ್ಣೆಯ ಬದಲು ಡ್ರಮ್ಮಿನಿಂದ ಅಳೆದು ಕೊಟ್ಟ ಬಿಡಿ ಆಯಿಲ್ ಹಾಕಿದರೆ ಇನ್ನೂ ಬೇಗ. ಆ ಕಾರುಗಳು ಮೂರನೇ ಕೈಗೆ ಬಂದು ಕಲ್ಯಾಣದುರ್ಗದ ಗ್ಯಾರೇಜ್ ಸೇರುವುದು 2030ರ ಆಚೀಚೆ.

ಹಳೆ ಡೀಸೆಲ್ ಕಾರು ಇಟ್ಟುಕೊಂಡವರು ಅಷ್ಟು ದಿನ ಕಾಯಬೇಕಿಲ್ಲ. ಇಂಟರ್‌ಕೂಲರಿನ ಕೆಳಗಿನ ಹೋಸ್ ಬಿಚ್ಚಿಸಿ ಕೆಳಗೊಂದು ತಟ್ಟೆ ಇಡಿ. ಹೋಸಿನ ಒಳಮೈ ಜಿಡ್ಡಾಗಿದ್ದರೆ ಅದು ಮಾಮೂಲು. ತಟ್ಟೆಗೆ ಎಣ್ಣೆ ಸುರಿದರೆ ಹೊಗೆ ಪರೀಕ್ಷೆಗೆ ಹೋಗಬೇಡಿ, ಘಾಟಿ ಹತ್ತಿಸಬೇಡಿ. ಮೊದಲು ಇಂಟರ್‌ಕೂಲರ್ ತೊಳೆಸಿ, ಆಮೇಲೆ ಸಂಪ್ ಬಿಚ್ಚಿಸಿ ಜಾಲರಿ ನೋಡಿ, ಕೋರಿನ ಬೆಲೆ ಅದರ ನಂತರ ಕೇಳಿ.