ಪಿಂಚಣಿ ಕಡತದಿಂದ ಮೂಡಿದ ಮಿದುಳಿನ ನಕ್ಷೆ

ಯುದ್ಧಗಳಿಂದ ವೈದ್ಯವಿಜ್ಞಾನ ಮುನ್ನಡೆಯಿತೆಂಬ ಮಾತು ಹಳೆಯದು. ನರವಿಜ್ಞಾನದ ಮಟ್ಟಿಗೆ ಅದು ನಿಜವೇ. ಆದರೆ ಆ ಮುನ್ನಡೆಯ ಹಿಂದೆ ವೈದ್ಯರ ಕುತೂಹಲದ ಜೊತೆಗೆ ಸರ್ಕಾರಗಳ ಸಂಶಯವೂ ಇತ್ತು. ಗಾಯಾಳು ಹೇಳುತ್ತಿರುವುದು ಸತ್ಯವೋ ಸೋಗೋ? ಸತ್ಯವಾದರೆ ಅವನಿಗೆ ಸಲ್ಲಬೇಕಾದುದೆಷ್ಟು?

ಅಮೆರಿಕದ ಅಂತರ್ಯುದ್ಧದಲ್ಲಿ ಫಿಲಡೆಲ್ಫಿಯಾದ ಟರ್ನರ್ಸ್ ಲೇನ್ ಆಸ್ಪತ್ರೆಯು ನರಗಳಿಗೆ ಪೆಟ್ಟಾದ ಸೈನಿಕರನ್ನು ಒಂದೆಡೆ ಸೇರಿಸಿತು. ಅಲ್ಲಿ ದುಡಿದ ಸೈಲಸ್ ವೀರ್ ಮಿಚೆಲ್ ಮತ್ತು ಸಂಗಡಿಗರು 1864ರಲ್ಲಿ ಗುಂಡೇಟಿನ ನರಗಾಯಗಳ ಕುರಿತು ಗ್ರಂಥ ಪ್ರಕಟಿಸಿದರು. ಅದೇ ವರ್ಷ ಸೋಗಿನ ಕಾಯಿಲೆಗಳನ್ನು ಪತ್ತೆ ಹಚ್ಚುವ ಬಗೆಯನ್ನೂ ಬರೆದರು. ಗಾಯ ಮಾಯ್ದ ಮೇಲೂ ಬೆಂಕಿಯಂತೆ ಸುಡುವ ನೋವು ನಟನೆಯಲ್ಲವೆಂದು ದಾಖಲಾದದ್ದು ಅಲ್ಲಿಯೇ. ಕತ್ತರಿಸಿದ ಅಂಗ ಇನ್ನೂ ಇದೆಯೆಂಬ ಅನುಭವಕ್ಕೆ 1871ರಲ್ಲಿ 'ಫ್ಯಾಂಟಮ್ ಲಿಂಬ್' ಎಂಬ ಹೆಸರು ಕೊಟ್ಟವನೂ ಮಿಚೆಲ್.

ಕಡತಗಳ ನಡುವೆ ಆಯುಷ್ಯ ಸವೆಸಿದ ನನ್ನಂಥವರನ್ನು ಹೆಚ್ಚು ಸೆಳೆಯುವುದು ಜಪಾನಿನ ಪ್ರಸಂಗ. 1904–05ರ ರಷ್ಯಾ–ಜಪಾನ್ ಯುದ್ಧದ ಬಳಿಕ, ತಲೆಗೆ ಗುಂಡು ತಗುಲಿದ ಸೈನಿಕರ ದೃಷ್ಟಿನಷ್ಟವನ್ನು ಪಿಂಚಣಿಗಾಗಿ ಅಳೆಯುವ ಹೊಣೆ ನೇತ್ರವೈದ್ಯ ತತ್ಸುಜಿ ಇನೊಯೆಯ ಪಾಲಿಗೆ ಬಂತು. ಕಣ್ಣು ಸರಿಯಾಗಿದೆ, ಎದುರಿನ ಅಕ್ಷರವನ್ನೂ ಓದಬಲ್ಲ. ಆದರೂ ಒಂದು ಪಕ್ಕದ ನೋಟವೇ ಇಲ್ಲ. ಇಂಥ ನಷ್ಟವನ್ನು ಅನುಮಾನಿಸುವುದು ಯಾವ ಗುಮಾಸ್ತನಿಗೂ ಸುಲಭ. ರಷ್ಯನ್ನರ 7.62 ಮಿ.ಮೀ. ಗುಂಡುಗಳು ಅತಿವೇಗದವಾದುದರಿಂದ ಹಲವರ ತಲೆಬುರುಡೆಯಲ್ಲಿ ಎರಡು ಸಣ್ಣ ರಂಧ್ರಗಳನ್ನಷ್ಟೇ ಉಳಿಸಿ ಹಾದುಹೋಗಿದ್ದವು. ಒಳಹೊಕ್ಕ ಮತ್ತು ಹೊರಬಿದ್ದ ಜಾಗಗಳನ್ನು ಸರಳರೇಖೆಯಿಂದ ಜೋಡಿಸಿ, ಮಿದುಳಿನ ಯಾವ ಭಾಗ ನಾಶವಾಗಿದೆಯೆಂದು ಇನೊಯೆ ಲೆಕ್ಕಹಾಕಿದ. ಅದನ್ನು ಸೈನಿಕನ ಕಾಣದ ಭಾಗದೊಡನೆ ಹೋಲಿಸಿದ. ಹೀಗೆ 29 ಮಂದಿಯ ಪರೀಕ್ಷೆಯಿಂದ ನೋಟದ ನಕ್ಷೆ ಮೂಡಿತು: ದೃಷ್ಟಿಯ ನಡುಬಿಂದು ಮಿದುಳಿನ ತೀರ ಹಿಂಬದಿಯಲ್ಲಿ, ಅಂಚಿನ ನೋಟ ಅದಕ್ಕಿಂತ ಮುಂದೆ, ನಡುಬಿಂದುವಿಗೆ ದೊರೆತ ಜಾಗವೇ ಹಿರಿದು.

1909ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಈ ಕೃತಿಗೆ ಸಲ್ಲಬೇಕಾದ ಮನ್ನಣೆ ಸಿಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ವೈದ್ಯ ಗಾರ್ಡನ್ ಹೋಮ್ಸ್, ತಲೆಯ ಹಿಂಭಾಗಕ್ಕೆ ಪೆಟ್ಟು ತಿಂದ ಸೈನಿಕರನ್ನು ಪರೀಕ್ಷಿಸಿ 1918ರಲ್ಲಿ ಕೊಟ್ಟ ನಕ್ಷೆಯೇ ಪಠ್ಯಪುಸ್ತಕಗಳಿಗೆ ಸೇರಿತು. ಅಂದಿನ ಬ್ರಿಟಿಷ್ ಶಿರಸ್ತ್ರಾಣ ತಲೆಯ ಹಿಂಬದಿಯ ಕೆಳಭಾಗವನ್ನು ಮುಚ್ಚುತ್ತಿರಲಿಲ್ಲವೆಂಬುದು ಆ ವಿದ್ಯೆಯ ಕ್ರೂರ ಬಂಡವಾಳ. 1991ರಲ್ಲಿ ಎಂಆರ್‌ಐ ಚಿತ್ರಗಳ ನೆರವಿನಿಂದ ಅಮೆರಿಕದ ಇಬ್ಬರು ವೈದ್ಯರು ಹೋಮ್ಸ್ ನಕ್ಷೆಯನ್ನು ತಿದ್ದಿದರು: ನಡುನೋಟಕ್ಕೆ ಮೀಸಲಾದ ಜಾಗ ಹೋಮ್ಸ್ ತೋರಿಸಿದ್ದಕ್ಕಿಂತ ಬಹಳ ದೊಡ್ಡದೆಂದು ಅವರು ಕಂಡುಕೊಂಡರು.