ಅಂಗಡಿಯಲ್ಲಿ ಒಪ್ಪಿದ ಬಣ್ಣ ಆಲ್ಬಮ್ಮಿನಲ್ಲಿ ಬೂದಿಯಾದದ್ದೇಕೆ?

ಮದುವೆಯ ಆಲ್ಬಮ್ ಕೈಗೆ ಬಂದ ಮೇಲೆ ಓದುಗರೊಬ್ಬರು ಕೇಳಿದ್ದಾರೆ: ಅಂಗಡಿಯಲ್ಲಿ ಮುಂಗೈಗೆ ಹಚ್ಚಿ ನೋಡಿದಾಗ ಚೆನ್ನಾಗಿಯೇ ಒಪ್ಪಿದ ಫೌಂಡೇಶನ್, ಆರತಕ್ಷತೆಯ ಫೋಟೊಗಳಲ್ಲಿ ಮುಖಕ್ಕೆ ಬೂದಿ ಬಳಿದಂತೆ ಕಾಣುತ್ತಿದೆ, ಮುಖದ್ದು ಒಂದು ಬಣ್ಣ, ಕುತ್ತಿಗೆಯದು ಇನ್ನೊಂದು, ಇದು ನನ್ನ ಚರ್ಮದ ದೋಷವೆ? ಅಲ್ಲ. ತಪ್ಪಿನಲ್ಲಿ ಅರ್ಧ ಪಾಲು ಸೀಸೆಯೊಳಗಿನ ಬಿಳಿ ಪುಡಿಯದು, ಇನ್ನರ್ಧ ಅಂಗಡಿಯ ದೀಪದ್ದು.

ಸೀಸೆ ಮುನ್ನೂರು ರೂಪಾಯಿಯದಾಗಲಿ ಮೂರು ಸಾವಿರದ್ದಾಗಲಿ, ಅದರಲ್ಲಿ ಬಣ್ಣ ಕೊಡುವ ಪುಡಿಗಳು ಬಹುಮಟ್ಟಿಗೆ ನಾಲ್ಕೇ. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಕೆಂಪು, ಹಳದಿ, ಕಪ್ಪಿಗೆ ಕಬ್ಬಿಣದ ಮೂರು ಆಕ್ಸೈಡ್‌ಗಳು. ಕೆಂಪಿನದು ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಹೆಮಟೈಟ್‌ನ ರಾಸಾಯನಿಕ ರೂಪವೇ, ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಾದದ್ದು ಅಷ್ಟೆ. 2017ರಲ್ಲಿ ಫೆಂಟಿ ಬ್ಯೂಟಿ ಒಮ್ಮೆಲೇ 40 ಛಾಯೆಗಳನ್ನು ತಂದಾಗ ಜಗತ್ತೇ ಬೆರಗಾಯಿತು. ರಸಾಯನಶಾಸ್ತ್ರದ ಕಣ್ಣಿಗೆ ಅದರಲ್ಲಿ ಬೆರಗೇನೂ ಇರಲಿಲ್ಲ. ಬೇಕಾಗಿದ್ದ ಪುಡಿಗಳೆಲ್ಲ ಮೊದಲೇ ಇದ್ದವು. ಕಡು ಮೈಬಣ್ಣದವರೂ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂಬುದು ಮಾರುವವರಿಗೆ ತಡವಾಗಿ ಹೊಳೆದಿತ್ತು.

ಬೂದಿಯ ಗುಟ್ಟು ಇರುವುದು ಬಿಳಿ ಪುಡಿಯಲ್ಲಿ. ಟೈಟಾನಿಯಂ ಡೈಆಕ್ಸೈಡ್ ಬೆಳಕನ್ನು ವಜ್ರಕ್ಕಿಂತಲೂ ಹೆಚ್ಚು ಬಾಗಿಸುತ್ತದೆ. ಹಾಗಾಗಿ ಅದರ ನುಣ್ಣನೆಯ ಕಣಗಳು ಬೆಳಕನ್ನು ವಿಪರೀತ ಚದುರಿಸುತ್ತವೆ, ಕೆಂಪಿಗಿಂತ ನೀಲಿಯನ್ನು ತುಸು ಹೆಚ್ಚಾಗಿಯೇ. ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಹಾಲಿನ ಪಾತ್ರೆ ತೊಳೆದ ನೀರನ್ನು ಕಪ್ಪು ಕಡಪ ಕಲ್ಲಿನ ಕಟ್ಟೆಯ ಮೇಲೆ ಚೆಲ್ಲಿ. ತೆಳುವಾಗಿ ಹರಡಿದ ಕಡೆ ಅದು ಬಿಳಿಯಾಗಿರುವುದಿಲ್ಲ, ನೀಲಿ ಬೆರೆತ ಬೂದುಬಣ್ಣಕ್ಕೆ ತಿರುಗಿರುತ್ತದೆ. ಅದೇ ನೀರು ಬಿಳಿ ಟೈಲ್ಸ್ ಮೇಲೆ ಬಿದ್ದರೆ ಬಿದ್ದದ್ದೇ ತಿಳಿಯುವುದಿಲ್ಲ. ಟೈಲ್ಸ್ ಎಲ್ಲ ಬಣ್ಣಗಳನ್ನೂ ಹಿಂದಕ್ಕೆ ಕಳಿಸುವುದರಿಂದ ಹಾಲು ಚದುರಿಸಿದ ನಸುನೀಲಿ ಅದರಲ್ಲಿ ಮುಳುಗಿಹೋಗುತ್ತದೆ. ಕಡಪ ಕಲ್ಲು ತನ್ನ ಮೇಲೆ ಬಿದ್ದದ್ದನ್ನೆಲ್ಲ ನುಂಗುತ್ತದೆ, ಹಾಲು ಚದುರಿಸಿದ್ದಷ್ಟೇ ಕಣ್ಣಿಗೆ ಉಳಿಯುತ್ತದೆ. ಎಣ್ಣೆಗಪ್ಪು ಚರ್ಮದ ಮೇಲೆ ಟೈಟಾನಿಯಂ ಹೆಚ್ಚಿರುವ ತೆಳು ಪದರ ಹರಡಿದಾಗ ಆಗುವುದೂ ಇದೇ. ಬಿಳಿಯ ಪ್ರಮಾಣವನ್ನು ಹಾಗೆಯೇ ಬಿಟ್ಟು ಒಂದಿಷ್ಟು ಕಪ್ಪು ಬೆರೆಸಿ 'ಡಾರ್ಕ್ ಶೇಡ್' ಎಂದು ಹೆಸರಿಟ್ಟರೆ ಬೂದಿ ಇನ್ನೂ ದಟ್ಟವಾಗುತ್ತದೆ. ಬಿಳಿಯನ್ನು ಇಳಿಸಿ ಕೆಂಪು, ಹಳದಿಗಳನ್ನು ಏರಿಸಬೇಕು. ಕ್ಯಾಮೆರಾದ ಫ್ಲ್ಯಾಶ್ ಎದುರಿನಿಂದಲೇ ಹೊಡೆಯುವುದರಿಂದ, ಚದುರಿದ ಬೆಳಕು ನೇರವಾಗಿ ಲೆನ್ಸಿಗೆ ಮರಳುತ್ತದೆ. ಆಲ್ಬಮ್ಮಿನಲ್ಲಿ ಬೂದಿ ಎದ್ದು ಕಂಡದ್ದು ಅದಕ್ಕೇ.

ಇನ್ನು ದೀಪದ ಮಾತು. ನಮ್ಮ ಮೈಬಣ್ಣದ ಹಿಂದೆ ಮುಖ್ಯವಾಗಿ ಎರಡು ವಸ್ತುಗಳಿವೆ, ಮೇಲ್ಪದರದ ಮೆಲನಿನ್ ಮತ್ತು ಒಳಗೆ ಹರಿಯುವ ರಕ್ತದ ಹಿಮೋಗ್ಲೋಬಿನ್. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ 542 ಮತ್ತು 577 ನ್ಯಾನೊಮೀಟರ್ ಅಲೆಯುದ್ದದ ಆಸುಪಾಸಿನಲ್ಲಿ ಬೆಳಕನ್ನು ವಿಶೇಷವಾಗಿ ಹೀರುತ್ತದೆ. ಕಬ್ಬಿಣದ ಆಕ್ಸೈಡ್‌ಗೆ ಆ ಗುರುತು ಇಲ್ಲ. ಎಂದರೆ ಚರ್ಮ ಮತ್ತು ಫೌಂಡೇಶನ್ ಒಂದು ದೀಪದಡಿ ಕಣ್ಣಿಗೆ ಒಂದೇ ಎನಿಸಿದರೂ ಇನ್ನೊಂದು ದೀಪದಡಿ ಬೇರೆಯಾಗಬಹುದು. ಅಂಗಡಿಯ ಎಲ್‌ಇಡಿ, ಛತ್ರದ ಹಳದಿ ದೀಪ, ಮಧ್ಯಾಹ್ನದ ಬಿಸಿಲು, ಪ್ರತಿಯೊಂದರಲ್ಲೂ ಬಣ್ಣಗಳ ಪಾಕವೇ ಬೇರೆ.

ಈ ಪೇಚಿಗೆ ಹಾಲಿವುಡ್ ಎಂದೋ ಸಿಕ್ಕಿಕೊಂಡಿತ್ತು. ಪೋಲೆಂಡಿನಿಂದ ಬಂದು ಅಲ್ಲಿ ನೆಲೆಸಿದ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲೇ ಸಿನಿಮಾ ನಟರಿಗಾಗಿ ತೆಳ್ಳನೆಯ ಗ್ರೀಸ್‌ಪೇಂಟ್ ತಯಾರಿಸಿದ್ದರು. ಟೆಕ್ನಿಕಲರ್ ಬಂದಾಗ ಆ ಜಿಡ್ಡಿನ ಹೊಳಪೇ ಶತ್ರುವಾಯಿತು. ಪಕ್ಕದ ಕೆಂಪು ಪರದೆಯೋ ಹಸಿರು ಉಡುಪೋ ಮುಖದ ಮೇಲೆ ಪ್ರತಿಫಲಿಸತೊಡಗಿತು. ಪರಿಹಾರವಾಗಿ 1937ರ ಹೊತ್ತಿಗೆ ಬಂದದ್ದು 'ಪ್ಯಾನ್-ಕೇಕ್', ಒದ್ದೆ ಸ್ಪಂಜಿನಿಂದ ಹಚ್ಚುವ, ಹೊಳಪಿಲ್ಲದ ಬಿಲ್ಲೆ. ಅದನ್ನು ರೂಪಿಸುವಲ್ಲಿ ಅವರ ಮಗ ಫ್ರಾಂಕ್ ಅವರ ಪಾತ್ರ ದೊಡ್ಡದು. ನಟಿಯರು ಆಸೆಪಟ್ಟು ಬಿಲ್ಲೆಗಳನ್ನು ಮನೆಗೂ ಒಯ್ದರು. ಸ್ಟುಡಿಯೊದ ಕಣ್ಣು ಕೋರೈಸುವ ದೀಪಗಳಿಗೆ ಹದಗೊಳಿಸಿದ ಬಣ್ಣ ಬೀದಿಯ ಬೆಳಕಿನಲ್ಲಿ ತೀರ ಕಡುವಾಗಿ ಕಂಡಿತು! ಜನರಿಗೆ ಮಾರಲು ತಿಳಿ ಛಾಯೆಗಳನ್ನು ಬೇರೆಯೇ ಮಾಡಬೇಕಾಯಿತು.

ಮಣಿಕಟ್ಟಿನ ನರ ಹಸಿರಾಗಿದ್ದರೆ 'ವಾರ್ಮ್', ನೀಲಿಯಾಗಿದ್ದರೆ 'ಕೂಲ್' ಎಂಬ ಪರೀಕ್ಷೆಯನ್ನು ರೀಲ್ಸ್ ಮಾಡುವವರೆಲ್ಲ ಹೇಳಿಕೊಡುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆ ನಾಳದಲ್ಲಿರುವುದು ಕಡುಗೆಂಪು ರಕ್ತ. ಅಲ್ವಿನ್ ಕೀನ್ಲೆ ಮತ್ತು ಸಂಗಡಿಗರು 1996ರಲ್ಲಿ ಅಳೆದು ತೋರಿಸಿದಂತೆ, ನಾಳದ ಮೇಲಿನ ಚರ್ಮದಿಂದಲೂ ನೀಲಿಗಿಂತ ಕೆಂಪು ಬೆಳಕೇ ಹೆಚ್ಚು ಹೊರಬರುತ್ತದೆ. ಸುತ್ತಲಿನ ಚರ್ಮಕ್ಕೆ ಹೋಲಿಸಿದರೆ ಅಲ್ಲಿ ಕೆಂಪು ಕೊಂಚ ಕಡಿಮೆ, ಅದನ್ನೇ ಮಿದುಳು ನೀಲಿ ಎಂದು ಓದಿಕೊಳ್ಳುತ್ತದೆ. ನಾಳ ಎಷ್ಟು ಆಳದಲ್ಲಿದೆ, ಎಷ್ಟು ದಪ್ಪವಿದೆ ಎಂಬುದರ ಮೇಲೆ ಬಣ್ಣ ಬದಲಾಗುತ್ತದೆ. ಮೇಲೆ ಮೆಲನಿನ್ನಿನ ಕಂದು ಪರದೆ ಬೇರೆ. ಗೋಧಿ ಬಣ್ಣದವರ ನರ ಹಸಿರಾಗಿ ಕಂಡರೆ ಅಚ್ಚರಿಯೇನು? ಅದರಿಂದ ಮುಖದ ಬಣ್ಣ ನಿರ್ಧರಿಸುವುದು ಜಾತಕ ನೋಡಿ ಚಪ್ಪಲಿಯ ಅಳತೆ ಹೇಳಿದ ಹಾಗೆ.

ಮುಂಗೈಯನ್ನೂ ನಂಬಬೇಡಿ, ಅದು ಬಿಸಿಲುಂಡ ಭಾಗ. ದವಡೆಯ ಅಂಚಿನಿಂದ ಕುತ್ತಿಗೆಯ ಕಡೆಗೆ ಎರಡು ಮೂರು ಛಾಯೆಗಳನ್ನು ಪಕ್ಕಪಕ್ಕ ಎಳೆದುಕೊಂಡು, ಅಂಗಡಿಯಿಂದ ಹೊರಬಂದು ಹಗಲು ಬೆಳಕಿನಲ್ಲಿ ನೋಡಿ. ಮಾರುವವರು 'ಇನ್ನೊಂದು ಶೇಡ್ ಬೆಳ್ಳಗೆ ತಗೊಳ್ಳಿ ಮೇಡಂ' ಎಂದರೆ ಮೇಲೆ ಹೇಳಿದ ಕಡಪ ಕಲ್ಲನ್ನು ನೆನೆಯಿರಿ. ಅರ್ಧ ಗಂಟೆ ಕಾಯುವುದೂ ಮುಖ್ಯ. ಹಚ್ಚಿದ ಬಣ್ಣ ಕ್ರಮೇಣ ಕಡುವಾದರೆ 'ಆಕ್ಸಿಡೈಸ್ ಆಯಿತು' ಎನ್ನುವುದು ರೂಢಿ. ಆದರೆ ಈ ಕೆಂಪು, ಹಳದಿ ಪುಡಿಗಳಲ್ಲಿರುವ ಕಬ್ಬಿಣ ಮೊದಲೇ ಪೂರ್ತಿ ತುಕ್ಕು ಹಿಡಿದದ್ದು, ಮತ್ತೆ ಹಿಡಿಯಲು ಏನೂ ಉಳಿದಿಲ್ಲ. ನಡೆಯುವುದು ಬಹುಪಾಲು ಬೇರೆ ಸಂಗತಿ: ದ್ರವ ಆರಿ ಪುಡಿ ಒತ್ತಾಗುತ್ತದೆ, ಚರ್ಮದ ಎಣ್ಣೆ ಕಣಗಳ ನಡುವಿನ ಗಾಳಿಯ ಜಾಗವನ್ನು ತುಂಬುತ್ತದೆ, ಬೆಳಕು ಚದುರುವುದು ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ.

ಬಂಗು ಇರುವವರು ಗಮನಿಸಬೇಕಾದದ್ದು ಇನ್ನೊಂದಿದೆ. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂದು ಮತ್ತು ಕಪ್ಪು ಚರ್ಮವನ್ನು ಅತಿನೇರಳೆ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸಿತ್ತು. ಬಣ್ಣವಿಲ್ಲದ ಸನ್‌ಸ್ಕ್ರೀನ್ ಈ ಬೆಳಕನ್ನು ಹೆಚ್ಚು ತಡೆಯಲಾರದು, ಕಬ್ಬಿಣದ ಆಕ್ಸೈಡ್ ತಡೆಯುತ್ತದೆ. ಸೀಸೆಯ ಮೇಲಿನ ಎಸ್‌ಪಿಎಫ್ ಅಂಕಿಯನ್ನು ಮಾತ್ರ ಅಷ್ಟು ನೆಚ್ಚಿಕೊಳ್ಳಬೇಡಿ. ಅದನ್ನು ಅಳೆಯುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಫೌಂಡೇಶನ್ನನ್ನು ಅಷ್ಟು ದಪ್ಪ ಬಳಿದುಕೊಂಡು ಯಾರೂ ಮನೆಯಿಂದ ಹೊರಡುವುದಿಲ್ಲ. ಅಡಿಯಲ್ಲಿ ಸನ್‌ಸ್ಕ್ರೀನ್ ಬೇಕೇ ಬೇಕು.